ಸತ್ತವರಿಗೆ ಹಳೆಯ ರೀಲು

ರೀಲ್ ಕ್ಯಾಮೆರಾ ಮತ್ತೆ ಬಂದಿದೆಯಂತೆ. ನನಗೆ ಅದು ಗೊತ್ತಾಗಿದ್ದು ಹುಡುಗರು ಮನೆ ಹುಡುಕಿಕೊಂಡು ಬರತೊಡಗಿದ ಮೇಲೆ. ಸುರಪುರದ ಕಾಲೇಜಿನವರು ಬರುತ್ತಾರೆ, ಯಾದಗಿರಿಯ ಬ್ಯಾಂಕೊಂದರಲ್ಲಿ ಕೆಲಸ ಮಾಡುವ ಒಬ್ಬ ಬರುತ್ತಾನೆ. ಕೊರಳಲ್ಲಿ ಯಾರದೋ ಅಜ್ಜನ ಕಾಲದ ಕ್ಯಾಮೆರಾ, ಅಂಗಿಯ ಜೇಬಿನಲ್ಲಿ ಮೈಬಿಸಿಗೆ ಬೆಚ್ಚಗಾದ ರೀಲು. "ಕಾಕಾ, ಯಾವ ರೀಲ್ ಹಾಕ್ಬೇಕ್ರಿ? ಎಲ್ಲಿ ಇಡಬೇಕ್ರಿ?" ಎಂದು ಕೇಳುತ್ತಾರೆ. ಮೊದಲು ಆ ಜೇಬಿನಿಂದ ಹೊರಗೆ ತೆಗೀರಿ ಎಂದು ಬೈಯುತ್ತೇನೆ. ರೀಲಿಗೆ ಆತ್ಮ ಇದೆ ಎಂದು ಅವರಲ್ಲೊಬ್ಬ ಹುಡುಗಿ ಹೇಳಿದಳು. ರೀಲಿಗೆ ಇರುವುದು ಕೆಡುವ ತಾರೀಖು, ತಾಯಿ, ಆತ್ಮವಲ್ಲ ಎಂದೆ. ಅವಳಿಗೆ ಬೇಜಾರಾಯಿತು.

ಹೇಳಿದ್ದನ್ನೇ ಹೇಳುವುದು ಸಾಕಾಗಿ ಬರೆದಿಡಲು ಕೂತಿದ್ದೇನೆ. ಈ ಕಸುಬು ಚಂದದ್ದೆಂದು ನಂಬಿ ಬರುವವರು ಇದನ್ನು ಓದಲಿ. ನಾನು ಜೀವಮಾನವೆಲ್ಲ ರೀಲು ಸುತ್ತಿದವನು. ಅದರ ಮೇಲೆ ನನಗೆ ಪ್ರೀತಿಗಿಂತ ಸಿಟ್ಟೇ ಹೆಚ್ಚು. ಆದರೂ ಅದರ ಬಗ್ಗೆ ತಪ್ಪು ಹೇಳಲಾರೆ.

ಶಹಾಪುರದ ಬಸ್‌ಸ್ಟ್ಯಾಂಡಿನ ಎದುರು ಒಂದು ಸ್ಟುಡಿಯೋ ಇತ್ತು. ಈಗ ಅಲ್ಲಿ ಮೊಬೈಲಿನ ಕವರು ಮಾರುತ್ತಾರೆ. ನಾನು ಕೊಂಕಲ್‌ನಿಂದ ಬಂದು ಅಲ್ಲಿ ನೆಲ ಗುಡಿಸಲು ಸೇರಿದೆ. ಗುಡಿಸುತ್ತ ಗುಡಿಸುತ್ತ ಡಾರ್ಕ್‌ರೂಮಿಗೆ ಹೊಕ್ಕೆ, ಅಲ್ಲಿಂದ ಕ್ಯಾಮೆರಾಕ್ಕೆ ಬಂದೆ. ಮಾಲಕರು ಕೆಲಸ ಬಲ್ಲವರು. ಬೆಳಕು ನೋಡುವ ಕಣ್ಣು ಅವರಿಗಿತ್ತು. ಅಷ್ಟನ್ನು ಒಪ್ಪಿಕೊಂಡ ಮೇಲೆ ಉಳಿದದ್ದನ್ನು ಹೇಳಲು ನನಗೆ ಅಡ್ಡಿಯಿಲ್ಲ.

ಸ್ಟುಡಿಯೋದಲ್ಲಿ ರೀಲು ಎರಡು ಕಡೆ ಇರುತ್ತಿತ್ತು. ಒಂದು, ಒಳಗಿನ ಫ್ರಿಜ್ಜಿನಲ್ಲಿ. ಇನ್ನೊಂದು, ರಸ್ತೆಗೆ ಮುಖ ಮಾಡಿದ ಗಾಜಿನ ಶೋಕೇಸಿನಲ್ಲಿ. ಯಾದಗಿರಿ ಸ್ಟೇಷನ್ನಿಗೆ ಹೈದರಾಬಾದಿನ ಕಡೆಯಿಂದ ಮಾಲು ಬರುತ್ತಿತ್ತು; ಹೋಗಿ ತರುವವನು ನಾನು. ತಂದ ಕೂಡಲೇ ತಾರೀಖು ನೋಡಿ ಮಾಲಕರು ಪಾಲು ಮಾಡುತ್ತಿದ್ದರು. ಮುಂದಿನ ತಾರೀಖಿನವು ಫ್ರಿಜ್ಜಿಗೆ, ಹತ್ತಿರ ಬಂದವು ಮತ್ತು ದಾಟಿದವು ಶೋಕೇಸಿಗೆ. ಮಧ್ಯಾಹ್ನ ಮೂರರ ಬಿಸಿಲು ನೇರ ಆ ಗಾಜಿನ ಮೇಲೆ ಬೀಳುತ್ತಿತ್ತು. ನಮ್ಮ ಕಡೆಯ ಮೇ ತಿಂಗಳ ಬಿಸಿಲು ಎಂಥದೆಂದು ನಮ್ಮವರಿಗೆ ಹೇಳಬೇಕಾಗಿಲ್ಲ. ಆ ಗಾಜು ಮುಟ್ಟಿದರೆ ಕೈ ಸುಡುತ್ತಿತ್ತು.

ಫ್ರಿಜ್ಜಿನ ರೀಲು ಮದುವೆಗೆ, ಶೋಕೇಸಿನ ರೀಲು ಸತ್ತ ಮನೆಗೆ. ಹೀಗೆಂದು ಯಾರೂ ಗೋಡೆಗೆ ಬರೆದಿರಲಿಲ್ಲ, ಆದರೆ ಅದೇ ಕಾಯಿದೆ. ಮದುವೆಗೆ ಮಾಲಕರು ಹೋಗುತ್ತಿದ್ದರು, ಫ್ಲ್ಯಾಶೂ ಅವರ ಜೊತೆಗೇ ಹೋಗುತ್ತಿತ್ತು. ಸತ್ತ ಮನೆಗೆ ನಾನು, ಬಾಗಿಲಿನಿಂದ ಬಂದಷ್ಟು ಬೆಳಕು. ಕಾರಣ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೊಂಕಲ್‌ನಲ್ಲಿ ನನ್ನ ಮನೆ ಯಾವ ಕೇರಿಯಲ್ಲಿದೆ ಎಂಬುದು ಅವರಿಗೆ ಗೊತ್ತಿತ್ತು. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಪಟ ಇದೆ ಎಂಬುದೂ ಗೊತ್ತಿತ್ತು. ಮದುವೆ ಮನೆಯಲ್ಲಿ ಅಡುಗೆಯ ಹತ್ತಿರ, ದೇವರ ಮುಂದೆ, ಹೆಣ್ಣಿನ ಕೋಣೆಗೆ ಎಲ್ಲ ಹೊಕ್ಕು ತೆಗೆಯಬೇಕಲ್ಲ. ಅದಕ್ಕೆ ನಾನು ಆಗುತ್ತಿರಲಿಲ್ಲ. ಹೆಣ ಯಾರನ್ನೂ ಹೊರಗೆ ನಿಲ್ಲು ಅನ್ನುವುದಿಲ್ಲ.

ಹೊಸ ರೀಲು ಕೊಡಿ ಎಂದು ನಾನು ಕೇಳಿದಾಗಲೆಲ್ಲ ಮಾಲಕರದು ಒಂದೇ ಮಾತು: "ಮರೆಪ್ಪಾ, ಸತ್ತಾವ್ರು ಬಂದು ಫೋಟೋ ಛಲೋ ಬಂದಿಲ್ಲ ಅಂತಾರೇನ?"

ಹುಡುಗರೇ, ಇಲ್ಲಿ ಮೊದಲ ಪಾಠ ಕೇಳಿರಿ. ಡಬ್ಬಿಯ ಮೇಲಿನ ತಾರೀಖು ತಂಪಿನಲ್ಲಿಟ್ಟ ರೀಲಿಗೆ ಮಾತ್ರ ಹೇಳಿದ್ದು. ಬಿಸಿಲಲ್ಲಿ ಬೆಂದ ರೀಲಿಗೆ ತಾರೀಖೇ ಇಲ್ಲ. ಬೆಳಕು ಬೇಗ ಹಿಡಿಯುವ ರೀಲು, ಅಂದರೆ ಡಬ್ಬಿಯ ಮೇಲೆ ದೊಡ್ಡ ಅಂಕಿ ಇರುವುದು, ಎಲ್ಲಕ್ಕಿಂತ ಮೊದಲು ಕೆಡುತ್ತದೆ. ಕತ್ತಲ ಮನೆಗೆ ಬೇಕಾಗುವುದೂ ಅದೇ. ಅದನ್ನು ಫ್ರಿಜ್ಜಿನಲ್ಲಿಡಿ, ಡಬ್ಬಿಯ ಬಾಯಿ ಭದ್ರ ಮಾಡಿ ಇಡಿ. ಹೊರಗೆ ತೆಗೆದ ಕೂಡಲೇ ಬಿಚ್ಚಬೇಡಿ, ಬೆವರುತ್ತದೆ. ಒಂದಿಷ್ಟು ಹೊತ್ತು ನೆರಳಿನಲ್ಲಿ ಇಟ್ಟು ಆಮೇಲೆ ಬಿಚ್ಚಿ. ನಮ್ಮ ಸ್ಟುಡಿಯೋದ ಫ್ರಿಜ್ಜಿನಲ್ಲಿ ರೀಲಿನ ಜೊತೆ ಮಾಲಕರ ಮನೆಯ ಮಜ್ಜಿಗೆಯೂ ಇರುತ್ತಿತ್ತು. ಜಾಗ ಸಾಲದಾದಾಗ ಹೊರಗೆ ಬರುತ್ತಿದ್ದುದು ರೀಲೇ ಹೊರತು ಮಜ್ಜಿಗೆಯಲ್ಲ.

ತೊಳೆಯುವುದು ಇನ್ನೊಂದು ಸಂಕಟ. ಕಂಪನಿಯವರು ಡಬ್ಬಿಯ ಮೇಲೆ ಬರೆದಷ್ಟು ತಂಪು ನೀರು ಬೇಸಿಗೆಯಲ್ಲಿ ನಮ್ಮ ನಳದಲ್ಲಿ ಎಂದೂ ಬರಲಿಲ್ಲ. ಹರವಿಯಲ್ಲಿ, ಅಂದರೆ ಮಣ್ಣಿನ ದೊಡ್ಡ ಗಡಿಗೆಯಲ್ಲಿ, ನೀರು ತುಂಬಿ, ಸುತ್ತ ಒದ್ದೆ ಗೋಣಿತಟ್ಟು ಸುತ್ತಿ, ಆ ನೀರಿನಲ್ಲಿ ರೀಲು ತೊಳೆಯುತ್ತಿದ್ದೆ. ಒಂದು ಸಲ ನಾನು ಯಾದಗಿರಿಗೆ ಹೋಗಿದ್ದಾಗ ಅವಸರಕ್ಕೆ ಮಾಲಕರೇ ನಳದ ನೀರಿನಲ್ಲಿ ತೊಳೆದರು. ಬಂದು ನೋಡಿದರೆ ಫಿಲ್ಮಿನ ಪೊರೆ ಹಾಲಿನ ಕೆನೆಯ ಹಾಗೆ ಜಾರಿ ಬಕೀಟಿನ ತಳದಲ್ಲಿ ಕೂತಿತ್ತು. ಒಂದು ಶಾಲೆಯ ಮಕ್ಕಳೆಲ್ಲ, ಮಾಸ್ತರರ ಸಮೇತ, ಆ ಬಕೀಟಿನಲ್ಲಿ ಹೋದರು. ಹರವಿಯ ನೀರು ಕೆಟ್ಟಿತ್ತು ಎಂದು ಬೈಗುಳ ನನಗೆ ಬಿತ್ತು.

ಮಾಲಕರು ತಪ್ಪು ಮಾಡಿದರೆ ಅದನ್ನು ಮುಚ್ಚುವ ರೀತಿಯೇ ಬೇರೆ. ಸುರಪುರದ ದೊಡ್ಡ ಮನೆತನದ ಮದುವೆಯೊಂದಕ್ಕೆ ಹೋಗಿದ್ದರು. ರೀಲಿನ ತುದಿ ಕ್ಯಾಮೆರಾದೊಳಗಿನ ಚಕ್ರದ ಹಲ್ಲಿಗೆ ಸಿಕ್ಕಿರಲಿಲ್ಲ. ಅವರು ಒತ್ತುತ್ತಲೇ ಇದ್ದಾರೆ, ಅಂಕಿ ಓಡುತ್ತಲೇ ಇದೆ, ಒಳಗೆ ರೀಲು ಮಾತ್ರ ಅಲ್ಲಾಡಿಲ್ಲ. ನೀವು ರೀಲು ಹಾಕಿದ ಮೇಲೆ ಎಡಗಡೆಯ ಗುಬ್ಬಿ, ಅಂದರೆ ರೀಲನ್ನು ಹಿಂದಕ್ಕೆ ಸುತ್ತುವ ತಿರುಗಣಿ, ತಿರುಗುತ್ತದೋ ಇಲ್ಲವೋ ನೋಡಿರಿ. ತಿರುಗದಿದ್ದರೆ ನೀವು ಗಾಳಿಯ ಫೋಟೋ ತೆಗೆಯುತ್ತಿದ್ದೀರಿ. ತೊಳೆದಾಗ ಬರೀ ಖಾಲಿ ಫಿಲ್ಮು ಬಂತು. ಮಾಲಕರು ಸ್ವಲ್ಪವೂ ಅಂಜಲಿಲ್ಲ. ಗಂಡು ಹೆಣ್ಣನ್ನು ಸ್ಟುಡಿಯೋಕ್ಕೆ ಕರೆಸಿ, "ಈಗ ಹೈದ್ರಾಬಾದ್‌ದಾಗ ಹಿಂಗ ಸ್ಪೆಷಲ್ ತಗೀತಾರ್ರಿ, ಪರದೆ ಹಚ್ಚಿ," ಎಂದರು. ಪ್ಲಾಸ್ಟಿಕ್ಕಿನ ಹಾರ ಹಾಕಿಸಿ ಮತ್ತೆ ತಾಳಿ ಕಟ್ಟಿಸಿದರು. ಹಿಂದೆ ಪರದೆಯ ಮೇಲೆ ಕಾಶ್ಮೀರದ ಸರೋವರ. ಹೆಣ್ಣಿನ ಸೋದರಮಾವನಿಗೆ ಅನುಮಾನ ಬಂದು, "ಅಕ್ಕಿಕಾಳು ಹಾಕೂದು ಎಲ್ಲಿ ಅದ್ರಿ?" ಎಂದು ಕೇಳಿದ. ಅಕ್ಕಿಯನ್ನೂ ತರಿಸಿದರು. ಅದನ್ನು ಆಮೇಲೆ ಗುಡಿಸಿದವನು ನಾನು. ಮನೆಯವರು ಆ ಫೋಟೋಗಳನ್ನು ಬಹಳ ಮೆಚ್ಚಿದರಂತೆ.

ಬಣ್ಣದ ರೀಲು ಬಂದ ಮೇಲೆ ತೊಳೆಯಲು ಹೊರಗೆ ಕಳಿಸಬೇಕಾಯಿತು. ಬಸ್ಸಿನ ಡ್ರೈವರನ ಕೈಗೆ ಕೊಟ್ಟರೆ ಅವನು ಇಂಜಿನ್ನಿನ ಮುಚ್ಚಳದ ಮೇಲೆ ಇಟ್ಟುಕೊಂಡು ಹೋಗುತ್ತಿದ್ದ. ತಿರುಗಿ ಬಂದ ಫೋಟೋದಲ್ಲಿ ಹೆಣ್ಣು ಗುಲಾಬಿ, ಗಂಡು ಗುಲಾಬಿ, ಎಲೆಯ ಮೇಲಿನ ಅನ್ನವೂ ಗುಲಾಬಿ. ಅದಕ್ಕೂ ಮಾಲಕರ ಹತ್ತಿರ ಉತ್ತರವಿತ್ತು. ಜನ ಅವರನ್ನು ನಂಬುತ್ತಿದ್ದರು, ಏಕೆಂದರೆ ಅವರು ಮೆಲ್ಲಗೆ ಮಾತಾಡುತ್ತಿದ್ದರು.

ಇದೆಲ್ಲ ನಗುವ ಮಾತಾಯಿತು. ನಗಲಾರದ್ದು ಒಂದಿದೆ. ಅದಕ್ಕಾಗಿಯೇ ನಾನು ಇಷ್ಟು ಬರೆಯುತ್ತಿರುವುದು.

ನಮ್ಮ ಕಡೆ ಬಹಳ ಮನೆತನಗಳಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಗೋಡೆಗೆ ಒರಗಿಸಿ, ಹೊಸ ಬಟ್ಟೆ ಉಡಿಸಿ, ಹಾರ ಹಾಕಿ, ಎರಡೂ ಕೈ ತೊಡೆಯ ಮೇಲೆ ಇಡುತ್ತಾರೆ. ಮನೆಯವರೆಲ್ಲ ಎರಡು ಕಡೆ ಕೂರುತ್ತಾರೆ. ಆಗ ಫೋಟೋದವನನ್ನು ಕರೆಯುವುದು. ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳಿಗೆ ಜೀವಮಾನದಲ್ಲಿ ಅದೊಂದೇ ಫೋಟೋ. ಬದುಕಿದ್ದಾಗ ತೆಗೆಸಬಾರದೇ ಎಂದು ನೀವು ಕೇಳಬಹುದು. ಬದುಕಿದ್ದಾಗ ಅವರಿಗೆ ಕೂರಲು ಪುರುಸೊತ್ತು ಯಾರು ಕೊಟ್ಟರು?

ಬಣ್ಣದ ರೀಲು ಬರುವ ಮೊದಲಿನ ಒಂದು ಬೇಸಿಗೆಯಲ್ಲಿ ಕೊಂಕಲ್‌ನಿಂದ ಒಬ್ಬ ಸೈಕಲ್ಲಿನಲ್ಲಿ ಬಂದು ಹಣಮವ್ವ ತೀರಿಕೊಂಡಳು ಎಂದ. ಕುರಿ ಸಾಕುವ ಮನೆತನ. ನನ್ನೂರಿನವಳೇ, ಚಿಕ್ಕಂದಿನಿಂದ ಕಂಡವಳು. ಕುರಿಯ ಹಿಂಡಿನ ಹಿಂದೆ ಉಣ್ಣೆ ನೂಲುತ್ತ ನಡೆಯುತ್ತಿದ್ದಳು. ಒಮ್ಮೆ ಬಿಸಿಲಲ್ಲಿ ನೀರಡಿಸಿ ಅವರ ಮನೆಯ ಮುಂದೆ ನಿಂತಾಗ ನನ್ನ ಬೊಗಸೆಗೆ ಮೇಲಿನಿಂದ ಮಜ್ಜಿಗೆ ಸುರಿದಿದ್ದಳು. ಮುಟ್ಟದೆ ಸುರಿದಳು ಎಂಬುದೂ ನಿಜ, ನೀರಡಿಕೆ ಆರಿತು ಎಂಬುದೂ ನಿಜ. ಆ ಕೈಯ ಮೇಲಿನ ಚೇಳಿನ ಹಚ್ಚೆ, ಟಗರು ಹಾಯ್ದು ಸೊಟ್ಟಾದ ಕಿರುಬೆರಳು ನನಗೆ ಅಷ್ಟು ಹತ್ತಿರದಿಂದ ಕಂಡಿದ್ದು ಹಾಗಾಗಿಯೇ.

ಮಾಲಕರನ್ನು ಕೇಳಿದೆ. "ಮಾಲಕ್ರೆ, ಇದೊಂದಕ್ಕ ಫ್ರಿಜ್‌ದಾಗಿನ ರೀಲ್ ಕೊಡ್ರಿ. ಅವರ ಪಡಸಾಲಿ ಭಾಳ ಕತ್ತಲ ಅದಂತ."

"ನಾಳಿ ಮದುವಿ ಅದ. ಶೋಕೇಸಿಂದು ತಗೊಂಡ ಹೋಗು."

"ಅದು ಕೆಟ್ಟದ್ರಿ."

"ಸತ್ತಾವ್ರು ಬಂದು ಕೇಳ್ತಾರೇನ?"

ಹೋದೆ. ಕ್ಯಾಮೆರಾ ಕೊರಳಲ್ಲಿದ್ದುದರಿಂದ ಆ ಮನೆಯ ಪಡಸಾಲೆಯನ್ನು ಮೊದಲ ಸಲ ನೋಡಿದೆ. ಹಣಮವ್ವನನ್ನು ಮೂಲೆಗೆ ಕೂಡಿಸಿದ್ದರು. ಮೇಲೆ ಬಿಳಿ ಬಟ್ಟೆ ಕಟ್ಟಿದ್ದರು. ಬಾಗಿಲಿನ ಬೆಳಕು ಅವಳ ತೊಡೆಯವರೆಗೆ ಬಂದು ಅಲ್ಲಿಗೇ ನಿಂತಿತ್ತು, ಮಾರಿಯೆಲ್ಲ, ಮುಖವೆಲ್ಲ ನೆರಳು. "ಒಂಚೂರು ಬಾಗಲದ ಕಡೆ ಸರಸ್ತೀರೇನ್ರಿ?" ಎಂದು ಹಿರಿಯ ಮಗ ಭೀಮಣ್ಣನನ್ನು ಕೇಳಿದೆ. ಕೂಡಿಸಿದ ಮೇಲೆ ಎತ್ತುವ ತನಕ ಅಲ್ಲಾಡಿಸುವಂತಿಲ್ಲ ಎಂದ. ಅವರ ಪದ್ಧತಿ ಅವರದು. ಒಳ್ಳೆಯ ರೀಲಿದ್ದರೆ ಆ ನೆರಳಲ್ಲೂ ಮಾರಿ ಸಿಗುತ್ತಿತ್ತು. ಕ್ಯಾಮೆರಾವನ್ನು ಕಂಬಕ್ಕೆ ಒತ್ತಿ ಹಿಡಿದು, ಉಸಿರು ಬಿಗಿಹಿಡಿದು, ನನಗೆ ತಿಳಿದ ರೀತಿಯಲ್ಲೆಲ್ಲ ತೆಗೆದೆ.

ಹಣಮವ್ವನಿಗೆ ಒಬ್ಬಳೇ ಮಗಳು, ದೇವಮ್ಮ, ಸುರಪುರದ ರಂಗಂಪೇಟೆಗೆ ಕೊಟ್ಟಿದ್ದರು. ಸುದ್ದಿ ಹೇಳಲು ಹೋದವನಿಗೆ ಅವಳು ಮನೆಯಲ್ಲಿ ಸಿಗಲಿಲ್ಲ, ಹೊಲದಲ್ಲಿದ್ದಳು. ಬಿಸಿಲು ಏರುತ್ತಿದೆ, ಇಡಲಾಗುವುದಿಲ್ಲ ಎಂದು ಅಣ್ಣಂದಿರು ಕಾಯದೆ ಎತ್ತಿದರು. ದೇವಮ್ಮ ಬಂದಾಗ ಮಣ್ಣು ಕೊಟ್ಟಾಗಿತ್ತು. ನಮ್ಮಲ್ಲಿ ಕಡೆಯ ಸಲ ಮಾರಿ ನೋಡುವುದೆಂದರೆ ಸಣ್ಣ ಮಾತಲ್ಲ. ಅದು ತಪ್ಪಿದ ಮಗಳಿಗೆ ಉಳಿದದ್ದು ನಾನು ತೆಗೆದ ಫೋಟೋ ಮಾತ್ರ.

ಮರುದಿನವೇ ಸ್ಟುಡಿಯೋಕ್ಕೆ ಬಂದಳು. ಒಳಗೆ ಬರದೆ ಮೆಟ್ಟಿಲ ಮೇಲೆ ಕೂತಳು.

"ಅಣ್ಣಾ, ನಮ್ಮವ್ವನ ಮಾರಿ ಬಂದದೇನ?"

"ಇನ್ನಾ ತೊಳದಿಲ್ಲವ್ವ. ನಾಳಿ ಗೊತ್ತಾಗ್ತದ."

"ನೀ ನೋಡಿದಿ ಅಲ್ಲಾ? ಹ್ಯಾಂಗ ಇದ್ಳು?"

"ಮಲಗಿದಂಗ ಇದ್ಳು."

"ನಾ ನೋಡ್ಲಿಲ್ಲ," ಎಂದಳು. ಅಳಲಿಲ್ಲ. ಹೋಗಿ ಬಸ್ಸು ಹಿಡಿದಳು.

ತೊಳೆದ ಫಿಲ್ಮನ್ನು ಬೆಳಕಿಗೆ ಹಿಡಿದೆ. ಫಿಲ್ಮೆಲ್ಲ ಬೂದಿ. ಕೆಟ್ಟ ರೀಲು ಹಾಗೆಯೇ, ತನ್ನದೇ ಮಬ್ಬನ್ನು ಎಲ್ಲದರ ಮೇಲೆ ಎಳೆಯುತ್ತದೆ. ಬೆಳಕು ಚೆನ್ನಾಗಿ ಬಿದ್ದ ಕಡೆ ಒಂದಿಷ್ಟು ಗುರುತು ಉಳಿಯುತ್ತದೆ, ನೆರಳಿನಲ್ಲಿದ್ದದ್ದು ಆ ಮಬ್ಬಿನಲ್ಲಿ ಮುಳುಗಿ ಹೋಗುತ್ತದೆ. ಹಣಮವ್ವನ ಮಾರಿ ಇರಬೇಕಾದ ಕಡೆ ಏನೂ ಇರಲಿಲ್ಲ. ಮಾಲಕರಿಗೆ ತೋರಿಸಿದೆ. ನೋಡಿದರು, ಟೇಬಲ್ಲಿನ ಮೇಲೆ ಇಟ್ಟರು. "ಇರ್ಲಿ, ನಾ ನೋಡ್ತೀನಿ. ನೀ ಯಾದಗಿರಿಗಿ ಹೋಗಿ ಪೇಪರ್ ತಗೊಂಡ ಬಾ," ಎಂದರು.

ನಾನು ತಿರುಗಿ ಬರುವಾಗ ಭೀಮಣ್ಣ ಬಗಲಲ್ಲಿ ಕಟ್ಟು ಹಾಕಿಸಿದ ಪಟ ಹಿಡಿದು ಎದುರಿಗೇ ಹೋಗುತ್ತಿದ್ದ. ಮೂರನೆಯ ದಿನದ ಕಾರ್ಯಕ್ಕೆ ಅವಸರವಿತ್ತು. ಒಳಗೆ ಬಂದು ನೋಡಿದರೆ ಫೋಟೋ ದೊಡ್ಡದು ಮಾಡುವ ಎನ್‌ಲಾರ್ಜರಿನಲ್ಲಿ ಬೇರೆ ನೆಗೆಟಿವ್ ಇದೆ. ಶಿರವಾಳದ ಒಬ್ಬ ಮುದುಕಿಯದು. ಕೆಲವು ತಿಂಗಳ ಹಿಂದೆ ನಾನೇ ತೆಗೆದದ್ದು, ಮನೆಯವರು ಇನ್ನೂ ಒಯ್ದಿರಲಿಲ್ಲ. ಅವಳನ್ನೂ ಹೀಗೆಯೇ ಕೂಡಿಸಿದ್ದರು. ಕಿವಿಯ ಹಿಂದೆ ಸಿಕ್ಕಿಸಿದ ಸೆರಗು ಹಣೆಯವರೆಗೆ, ಗದ್ದದವರೆಗೆ ಹೂವು, ನಡುವೆ ಅರಿಸಿನದ ಭಂಡಾರ ಬಳಿದ ಅಂಗೈಯಷ್ಟು ಮಾರಿ. ಅಷ್ಟರಲ್ಲಿ ಯಾರು ಯಾರನ್ನು ಗುರುತಿಸುತ್ತಾರೆ ಎಂಬುದು ಮಾಲಕರ ಲೆಕ್ಕ. ಮಗ ಗುರುತಿಸಲಿಲ್ಲ, ಲೆಕ್ಕ ಸರಿಯಾಗಿಯೇ ಇತ್ತು.

ಮಗಳು ಗುರುತಿಸಿದಳು. ಕಾರ್ಯ ಮುಗಿದ ಕೂಡಲೇ ಅಣ್ಣನನ್ನು ಎಳೆದುಕೊಂಡು ಬಂದಳು.

"ಪಟದಾಗಿನಾಕಿ ನಮ್ಮವ್ವ ಅಲ್ಲ," ಎಂದಳು.

"ಸತ್ತ ಮ್ಯಾಲ ಮಾರಿ ಬದಲಾಗ್ತದವ್ವ," ಎಂದು ಮಾಲಕರು ಮೆಲ್ಲಗೆ ಹೇಳಿದರು.

"ನಮ್ಮವ್ವನ ಎಡಗಿವಿ ಹರದಿತ್ತು. ಅಕಿದು ನೆಟ್ಟಗ ಅದ."

"ಫೋಟೋದಾಗ ಎಡಕ್ಕಿದ್ದದ್ದು ಬಲಕ್ಕ ಬರ್ತದ ತಾಯಿ. ನಿಮಗ ಗೊತ್ತಾಗಂಗಿಲ್ಲ."

"ಬಲಗಿವಿನೂ ನೆಟ್ಟಗ ಅದಲ್ರಿ!"

ನಾನು ಡಾರ್ಕ್‌ರೂಮಿನ ಪರದೆ ಸರಿಸಿ ಹೊರಗೆ ಬಂದೆ. "ಅಕಿ ಅನ್ನೂದು ಖರೆ ಅದ ಮಾಲಕ್ರೆ. ಪಟದಾಗಿನಾಕಿ ಹಣಮವ್ವ ಅಲ್ಲ," ಎಂದೆ.

"ಮರೆಪ್ಪಾ, ಒಳಗ ಹೋಗು."

ಹೋಗಲಿಲ್ಲ. ಆಗ ಮಾಲಕರು ಭೀಮಣ್ಣನ ಕಡೆ ತಿರುಗಿ, "ಇವನ ಕೈಯಾಗ ಕೆಟ್ಟದ. ಕಾರ್ಯದ ಹೊತ್ತಿಗಿ ನಿಮ್ಮ ಮರ್ಯಾದಿ ಉಳೀಲಿ ಅಂತ ನಾ ಹಿಂಗ ಮಾಡ್ದೆ," ಎಂದರು. ಸುಳ್ಳನ್ನು ಒಪ್ಪಿಕೊಳ್ಳುವಾಗಲೂ ಅದನ್ನು ಉಪಕಾರ ಮಾಡಿಬಿಟ್ಟರು. ಕೆಟ್ಟದ್ದು ನನ್ನ ಕೈಯಲ್ಲಲ್ಲ, ಆ ಗಾಜಿನ ಹಿಂದೆ ಎಂದು ನಾನು ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಭೀಮಣ್ಣ ಜಗಳ ತೆಗೆಯುತ್ತಾನೆ, ಪಟವನ್ನು ತಂದು ಮಾಲಕರ ಮುಂದೆ ಒಡೆಯುತ್ತಾನೆ ಎಂದು ನಾನು ಕಾದೆ. ಅವನು ನೆಲ ನೋಡುತ್ತ ತಂಗಿಗೆ ಹೇಳಿದ: "ಪೂಜಾ ಆಗೇದ. ಕುಂಕುಮ ಹಚ್ಚೇವಿ, ಹಾರ ಹಾಕೇವಿ, ಎಡಿ ಹಿಡದೇವಿ. ಈಗ ಇಳಿಸಿದ್ರ ಮನಿಗಿ ಛಲೋ ಅಲ್ಲ."

"ಹಂಗಾರ ನೀವು ಯಾರಿಗಿ ಪೂಜಾ ಮಾಡಾಕತ್ತೀರಿ ಅಣ್ಣಾ?"

"ಅವ್ವಗ."

ದೇವಮ್ಮ ಅವನ ಮುಖವನ್ನೇ ನೋಡಿದಳು. ಆಮೇಲೆ ಮೆಟ್ಟಿಲಿಳಿದು ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಹಾರ ಬಿದ್ದ ಪಟ ಒಮ್ಮೆ ಗೋಡೆಗೇರಿದರೆ ಅದು ದೇವರು. ನಮ್ಮ ಕಡೆ ಅದನ್ನು ಇಳಿಸುವ ಧೈರ್ಯ ಯಾರಿಗೂ ಇಲ್ಲ. ಮಾಲಕರಿಗೆ ಅದು ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅವರು ಅಷ್ಟು ಅವಸರ ಮಾಡಿದ್ದು.

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಸತ್ತ ಮನೆಗೆ ಕಳಿಸಲು ಬೇರೆ ಯಾರಿದ್ದರು? ಮಾತು ಮಾತ್ರ ಬಿಟ್ಟರು. ಆ ಮಳೆಗಾಲದಲ್ಲಿ ಶಿರವಾಳದ ಮುದುಕಿಯ ಮಗ ಬಂದು ತನ್ನ ತಾಯಿಯ ಫೋಟೋ ಕೇಳಿದ. ಮಾಲಕರು ಅದೇ ನೆಗೆಟಿವ್‌ನಿಂದ ಇನ್ನೊಂದು ಮಾಡಿಕೊಟ್ಟರು. ಆ ತಾಯಿ ಈಗಲೂ ಎರಡು ಊರಲ್ಲಿ ಹಾರ ಹಾಕಿಸಿಕೊಳ್ಳುತ್ತಾಳೆ.

ಹಣಮವ್ವನ ನೆಗೆಟಿವ್ವನ್ನು ನಾನು ಬಿಸಾಡಿರಲಿಲ್ಲ. ಮಾಲಕರು ಮದುವೆಗೆ ಹೋದ ದಿನಗಳಲ್ಲಿ ಅದನ್ನು ಮತ್ತೆ ಮತ್ತೆ ಎನ್‌ಲಾರ್ಜರಿಗೆ ಹಾಕಿದೆ. ಕಪ್ಪು ಬಿಳುಪನ್ನು ಬಿಡಿಸಿ ತೋರಿಸುವ ಗಟ್ಟಿ ಪೇಪರು ಹಾಕಿದೆ, ಹೆಚ್ಚು ಹೊತ್ತು ಬೆಳಕು ಕೊಟ್ಟೆ, ಕೈ ಅಡ್ಡ ಹಿಡಿದು ಒಂದು ಕಡೆ ಬೆಳಕು ತಡೆದು ಇನ್ನೊಂದು ಕಡೆ ಹೆಚ್ಚು ಬೀಳಿಸಿದೆ. ಮಾರಿ ಬರಲಿಲ್ಲ. ಎಷ್ಟು ಸಲ ಮಾಡಿದರೂ ಆ ಜಾಗದಲ್ಲಿ ಬೂದಿಯೇ. ಆದರೆ ಕೆಳಗೆ, ಬಾಗಿಲಿನ ಬೆಳಕು ಬಂದು ನಿಂತಿದ್ದ ಕಡೆ, ಪೇಪರಿನ ಮೇಲೆ ಮೆಲ್ಲಗೆ ಎರಡು ಕೈ ಎದ್ದುಬಂದವು. ಚೇಳಿನ ಹಚ್ಚೆ ಬಂತು, ಸೊಟ್ಟ ಕಿರುಬೆರಳು ಬಂತು. ನನಗೆ ಮಜ್ಜಿಗೆ ಸುರಿದ ಕೈ. ಡಾರ್ಕ್‌ರೂಮಿನಲ್ಲಿ ನಿಂತು ಅತ್ತೆ, ಅಳುವುದಕ್ಕೆ ಅದು ಒಳ್ಳೆಯ ಜಾಗ.

ಕೈಗಳಷ್ಟನ್ನೇ ದೊಡ್ಡದು ಮಾಡಿ ಒಣಗಿಸಿ ರಂಗಂಪೇಟೆಗೆ ಒಯ್ದೆ. ದೇವಮ್ಮ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮಾರಿ ಬರಲಿಲ್ಲ ತಂಗಿ, ಇಷ್ಟೇ ಬಂತು ಎಂದು ಕೊಟ್ಟೆ. ಮೊರ ಕೆಳಗಿಟ್ಟು, ಕೈಯನ್ನು ಸೆರಗಿಗೆ ಒರೆಸಿ ತೆಗೆದುಕೊಂಡಳು. ಆ ಸೊಟ್ಟ ಬೆರಳಿನ ಮೇಲೆ ತನ್ನ ಬೆರಳಿಟ್ಟಳು.

"ಇದು ನಮ್ಮವ್ವಂದು," ಎಂದಳು. ಆಗ ಅತ್ತಳು. ಮಣ್ಣು ಕೊಟ್ಟ ದಿನದಿಂದ ಹಿಡಿದಿಟ್ಟದ್ದನ್ನೆಲ್ಲ ಅತ್ತಳು. ಆಮೇಲೆ ಒಳಗೆ ಹೋಗಿ ಮಜ್ಜಿಗೆ ತಂದಳು. ಚರಿಗೆಯನ್ನು ನನ್ನ ಕೈಗೇ ಕೊಟ್ಟಳು.

ಆ ಫೋಟೋಕ್ಕೆ ಅವಳು ಕಟ್ಟು ಹಾಕಿಸಲಿಲ್ಲ, ಗೋಡೆಗೂ ಏರಿಸಲಿಲ್ಲ. ಟ್ರಂಕಿನಲ್ಲಿ ಸೀರೆಯ ನಡುವೆ ಇಟ್ಟಳು.

ವರ್ಷಗಳು ಹೋದವು. ಡಿಜಿಟಲ್ ಬಂತು. ರೀಲು ಕೇಳುವವರು ಇಲ್ಲದೆ ಶೋಕೇಸಿನಲ್ಲಿ ಮೆಮೊರಿ ಕಾರ್ಡು ಬಂದು ಕೂತವು. ಅವಕ್ಕೆ ಬಿಸಿಲಿನ ಅಂಜಿಕೆ ಇರಲಿಲ್ಲ. ಹರವಿ, ಗೋಣಿತಟ್ಟು, ಕೆಂಪು ಬಲ್ಬು ಎಲ್ಲ ಗುಜರಿಗೆ ಹೋದವು. ನಾನು ಕಂಪ್ಯೂಟರಿನ ಮುಂದೆ ಕೂತು ಪಾಸ್‌ಪೋರ್ಟ್ ಫೋಟೋದ ಮೊಡವೆ ಅಳಿಸುವುದನ್ನು ಕಲಿತೆ. ಅದರಲ್ಲೇ ಕಣ್ಣು ಮಂಜಾಯಿತು.

ಮಾಲಕರು ತೀರಿಕೊಂಡಾಗ ಮಗ ನನ್ನನ್ನೇ ಕರೆಸಿದ. ಅಪ್ಪನದು ಹಳೆಯ ಪದ್ಧತಿಯ ಫೋಟೋ ಬೇಕಂತೆ, ರೀಲಿನದು. ಫ್ರಿಜ್ಜಿನಲ್ಲಿ ಒಂದು ಉಳಿದಿತ್ತು, ಶೋಕೇಸಿನ ಮೂಲೆಯಲ್ಲೂ ಧೂಳು ಹಿಡಿದದ್ದು ಒಂದು ಬಿದ್ದಿತ್ತು. ನನ್ನ ಕೈ ಮೊದಲು ಶೋಕೇಸಿನ ಕಡೆಗೇ ಹೋಯಿತು, ಸುಳ್ಳು ಯಾಕೆ ಹೇಳಲಿ? ಆದರೆ ತೆಗೆದುಕೊಂಡದ್ದು ಫ್ರಿಜ್ಜಿನದನ್ನು. ಹೊರಗೆ ಕಳಿಸಿ ತೊಳೆಸಿದೆ, ಒಳ್ಳೆಯ ಫೋಟೋ ಬಂತು. ಅಲ್ಲಿ ಸುತ್ತ ನಿಂತವರೆಲ್ಲ ಮೊಬೈಲಿನಲ್ಲಿ ತೆಗೆದಿದ್ದರು. ಮಗ ಅದರಲ್ಲೊಂದನ್ನು ಹಾಕಿ ಬ್ಯಾನರ್ ಮಾಡಿಸಿದ, ನನ್ನದನ್ನು ಒಯ್ಯಲು ಬರಲೇ ಇಲ್ಲ.

ಈಚೆಗೆ ಕೊಂಕಲ್‌ಗೆ ಹೋಗಿದ್ದೆ. ಭೀಮಣ್ಣನ ಮೊಮ್ಮಗ ರಸ್ತೆಯಲ್ಲಿ ತಡೆದು ಮೊಬೈಲ್ ಮುಂದೆ ಹಿಡಿದ. "ಕಾಕಾ, ನಮ್ಮ ಮುತ್ತ್ಯಾನ ಅವ್ವನ ಫೋಟೋ ನೀವ ತಗದಿದ್ರಂತಲ್ಲಾ, ಈಗ ನೋಡ್ರಿ." ಶಿರವಾಳದ ತಾಯಿ. ಯಾವುದೋ ಆ್ಯಪಿನಲ್ಲಿ ಬಣ್ಣ ತುಂಬಿದ್ದಾನೆ. ಮುಚ್ಚಿದ ಕಣ್ಣನ್ನು ತೆರೆಸಿದ್ದಾನೆ. ಅವಳು ಅತ್ತ ಇತ್ತ ತಲೆ ತಿರುಗಿಸುತ್ತಾಳೆ, ರೆಪ್ಪೆ ಬಡಿಯುತ್ತಾಳೆ, ನಗುತ್ತಾಳೆ. "ಹ್ಯಾಂಗ ನಗಾಕತ್ತಾಳ ನೋಡ್ರಿ! ನಮ್ಮವರೆಲ್ಲ ಸ್ಟೇಟಸ್ ಇಟ್ಟಾರ." ಅವನು ಖುಷಿಯಲ್ಲಿದ್ದ. ಇವಳು ನಿಮ್ಮವಳಲ್ಲ ಎಂದು ನಿನ್ನ ಮುತ್ತ್ಯಾ ಭೀಮಣ್ಣನಿಗೆ ಆಗಲೇ ಹೇಳಿದ್ದೆ ಅಂದೆ. ಅವನು ನಕ್ಕ, ನನಗೆ ವಯಸ್ಸಾಯಿತು ಎಂದುಕೊಂಡಿರಬೇಕು.

ಅದು ದೇವಮ್ಮನಿಗೂ ಮುಟ್ಟಿತು. ಅವಳ ಮನೆಯ ಮೊಬೈಲಿಗೂ ಬಂತಲ್ಲ. ಕೆಲವು ದಿನಕ್ಕೆ ರಂಗಂಪೇಟೆಯಿಂದ ಫೋನು ಬಂತು. "ಅಣ್ಣಾ, ನಿನ್ನ ಹಳೀ ಕ್ಯಾಮೆರಾ ಅದನೋ ಇಲ್ಲೋ? ಇದ್ರ ತಗೊಂಡ ಬಾ."

ಕ್ಯಾಮೆರಾ ಇತ್ತು. ರೀಲೂ ಇತ್ತು. ಬ್ಯಾಂಕಿನ ಹುಡುಗ ನನ್ನ ಬೈಗುಳ ತಿಂದದ್ದಕ್ಕೆ ಗುರುದಕ್ಷಿಣೆ ಎಂದು ಒಂದು ಕೊಟ್ಟಿದ್ದ. ಕಪ್ಪು ಬಿಳುಪಿನದು, ದೊಡ್ಡ ಅಂಕಿಯದು. ಬಂದ ದಿನದಿಂದ ನನ್ನ ಫ್ರಿಜ್ಜಿನಲ್ಲೇ ಇತ್ತು. ಒದ್ದೆ ಬಟ್ಟೆ ಸುತ್ತಿದ ಡಬ್ಬಿಯಲ್ಲಿ ಇಟ್ಟುಕೊಂಡು ಬೆಳಗಿನ ಬಸ್ಸು ಹಿಡಿದೆ.

ದೇವಮ್ಮ ಮುದುಕಿಯಾಗಿದ್ದಾಳೆ, ನಾನೇನು ಕಡಿಮೆ. ಅಂಗಳದಲ್ಲಿ ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಬೆಳಕು ಚೆನ್ನಾಗಿತ್ತು, ಮಾರಿಯ ಮೇಲೆ ಎಲ್ಲೂ ನೆರಳಿರಲಿಲ್ಲ. ಜೀವ ಇರುವಾಗಲೇ ಕರೆದಳಲ್ಲ ಎಂದು ನನಗೆ ಸಂತೋಷವಾಯಿತು. ರೀಲು ಹಾಕಿ, ಗುಬ್ಬಿ ತಿರುಗುವುದನ್ನು ನೋಡಿ, ಕ್ಯಾಮೆರಾವನ್ನು ಅವಳ ಮಾರಿಗೆ ಹಿಡಿದೆ.

"ಮಾರಿ ಬ್ಯಾಡ ಅಣ್ಣಾ," ಎಂದಳು.

"ಯಾಕ ತಂಗಿ?"

"ಮಾರಿ ಇದ್ರ ಅದನ್ನ ನಗಸ್ತಾರ. ಇಲ್ಲಾಂದ್ರ ಯಾರ್ದರೆ ತಂದು ಹಚ್ಚತಾರ. ಕೈ ತಗಿ. ಕೈ ಯಾರಿಗೂ ಬ್ಯಾಡ."

ಎರಡೂ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಅವಳ ತಾಯಿಯ ಕೈಗಳನ್ನು ಇಟ್ಟಿದ್ದರಲ್ಲ, ಹಾಗೆಯೇ. ನಾನು ಬಗ್ಗಿ ಫೋಕಸ್ ಮಾಡುತ್ತಿದ್ದಾಗ ತಡೆದು ಕೇಳಿದಳು:

"ರೀಲ್ ಹೊಸಾದು ಅದ ಏನ?"

"ಹೊಸಾದ ಅದವ್ವ," ಎಂದೆ. ಡಬ್ಬಿ ತೆಗೆದು ಅದರ ಮೇಲಿನ ತಾರೀಖನ್ನು ಅವಳಿಗೆ ಕೇಳುವಂತೆ ಓದಿದೆ. ಅಂದು ಕೊಂಕಲ್‌ನ ಆ ಪಡಸಾಲೆಯಲ್ಲಿ ನನಗೆ ಹೇಳಲಾಗದೆ ಹೋದ ಮಾತು ಅದೊಂದೇ ಆಗಿತ್ತು.